ಅಲುಗಾಡದ ಹಾಳೆ

ಕರಜಗಿಯ ಪಂಚಶೀಲಾ ಕತ್ತರಿ ಹಿಡಿದರೆ ಬಟ್ಟೆಯೂ ಮಾತು ಕೇಳುತ್ತಿತ್ತು. ಮದುವೆಯ ಜಂಪರು, ರವಿಕೆ ಹೊಲಿಸಲು ಬೆಳುಂಕಿಯಿಂದಲೂ ಹೆಂಗಸರು ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅದೇ ಕೈ ನಡುಗತೊಡಗಿತು, ಎದೆ ಢವಗುಟ್ಟಿತು, ಕೊರಳು ಊದಿತು. ಸಾಂಗಲಿಯ ಡಾಕ್ಟರು ಅವಳ ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಅದು ಪಟಪಟ ಅಲುಗಾಡಿತು. ಥೈರಾಯ್ಡ್ ಎಂದು ಗುಳಿಗೆ ಬರೆದರು.

ಗಂಡ ದಾದಾಸಾಹೇಬ ಆಸ್ಪತ್ರೆಯಿಂದ ಕಲಿತು ಬಂದದ್ದು ಆ ಹಾಳೆಯ ವಿದ್ಯೆ ಒಂದನ್ನೇ. ವಾರಕ್ಕೊಮ್ಮೆ ಕರೆಂಟ್ ಬಿಲ್ಲನ್ನು ಹೆಂಡತಿಯ ಬೆರಳ ಮೇಲೆ ಇಡುವುದು, ಅತ್ತೆ ಇಂದುಬಾಯಿ ಕನ್ನಡಕ ಏರಿಸಿ ತೀರ್ಪು ಕೊಡುವುದು. ಗುಳಿಗೆ ಶುರುವಾಗಿ ಹದಿನೆಂಟು ತಿಂಗಳಾಗುವಷ್ಟರಲ್ಲಿ ಬಿಲ್ಲು ಅಲುಗಾಡುವುದು ನಿಂತಿತ್ತು. ಆರಾಮಾಯಿತೆಂದು ಅತ್ತೆ ಗುಳಿಗೆ ಬಿಡಿಸಿದಳು. ದಿನಾ ಗುಳಿಗೆ ನುಂಗುವ ಸೊಸೆ ಎಂದರೆ ಓಣಿಯಲ್ಲಿ ಅವಳಿಗೆ ನಾಚಿಕೆ. ಡಾಕ್ಟರನ್ನು ಯಾರೂ ಕೇಳಲಿಲ್ಲ. ಐದೇ ತಿಂಗಳಲ್ಲಿ ರೋಗ ಮರಳಿತು, ಕತ್ತರಿ ಜಾರಿ ಒಂದು ಮದುವೆ ಜಂಪರಿನ ಬೆನ್ನು ಹರಿಯಿತು. ಪಂಚಶೀಲಾ ಅಂದು ಅತ್ತಳು. ಇನ್ನು ಈ ಮನೆಯ ತೀರ್ಪು ಕೇಳುವುದಿಲ್ಲವೆಂದು ಅಂದೇ ಹಟ ತೊಟ್ಟಳು.

ಎರಡನೆಯ ಸಲದ ಗುಳಿಗೆಗೂ ಈಗ ಒಂದೂವರೆ ವರ್ಷ. ಕೈ ನಡುಗುವುದಿಲ್ಲ, ಮೈ ತುಂಬಿದೆ. ಆದರೂ ಗುಳಿಗೆ ಬಿಡುವ ಮೊದಲು ರಕ್ತದ ಇನ್ನೊಂದು ಪರೀಕ್ಷೆ ಆಗಲಿ ಎಂದರು ಡಾಕ್ಟರು. ಮೈ ಕಾಯಬೇಕಾದ ಆ್ಯಂಟಿಬಾಡಿಯೇ ಕೊರಳಿನ ಗ್ರಂಥಿಯನ್ನು ಕೆರಳಿಸುವ ಕಾಯಿಲೆ ಇದು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆ ಆ್ಯಂಟಿಬಾಡಿ ರಕ್ತದಲ್ಲಿ ಉಳಿದಿದ್ದರೆ, ಗುಳಿಗೆ ಬಿಟ್ಟಾಗ ರೋಗ ಮರಳುವ ಸಂಭವ ಹೆಚ್ಚು. ವರದಿ ಬಂತು. ಇನ್ನೂ ಬಹಳ ಉಳಿದಿದೆ, ಗುಳಿಗೆ ನಡೆಯಲಿ ಎಂದರು.

ಮನೆಗೆ ಬಂದರೆ ದಾದಾಸಾಹೇಬ ರೂಢಿಯಂತೆ ಬಿಲ್ಲು ಹಿಡಿದು ನಿಂತಿದ್ದ. ಪಂಚಶೀಲಾ ಅದನ್ನು ಕಸಿದು ಬದಿಗಿಟ್ಟು, ವರದಿಯನ್ನೇ ಬೆರಳ ಮೇಲಿಟ್ಟು ಅತ್ತೆಯ ಮುಂದೆ ಕೈ ಚಾಚಿದಳು.

“ನೋಡ್ರಿ ಅತ್ತಿ, ಹಾಳಿ ಅಲುಗಾಡೂದಿಲ್ಲ. ಆದ್ರ ರೋಗ ಇನ್ನೂ ಒಳಗ ಕುಂತೈತಿ ಅಂತ ಇದೇ ಹಾಳ್ಯಾಗ ಬರದೈತಿ.”

ಇನ್ನೆಷ್ಟು ದಿನ ನುಂಗುತ್ತೀ, ಮಂದಿ ಏನೆಂದಾರು ಎಂದು ಅತ್ತೆ ಗೊಣಗಿದಳು.

“ರಕ್ತ ಸಾಕು ಅನ್ನೂತನಕ ನುಂಗತೀನ್ರಿ. ಮಂದಿ ಜಂಪರ್ ಹೊಲಿಯೂ ಕೈ ನಂದು.”

ಅತ್ತೆಯ ಕಣ್ಣೆದುರೇ ಗುಳಿಗೆ ನುಂಗಿ ಮಷೀನಿನ ಮುಂದೆ ಕುಳಿತಳು. ಸಂಜೆ ಬಂದ ಮದುಮಗಳ ಅಳತೆಯನ್ನು ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಬರೆದುಕೊಂಡಳು.