ಭೀಮಶ್ಯಾ ತೋರಿಸಿದ ಚಿತ್ರ

ನಮ್ಮ ಠಾಣೆಯ ಹೆಸರು ಇಲ್ಲಿ ಬೇಡ. ಸೇಡಂ ಮತ್ತು ಚಿಂಚೋಳಿಯ ನಡುವೆ, ತೆಲಂಗಾಣದ ಗಡಿಗೆ ಹತ್ತಿರ ಎಂದರೆ ಸಾಕು. ನಾನು ಅಲ್ಲಿ ರೈಟರ್. ಅಂದರೆ ಠಾಣೆಯ ಬರವಣಿಗೆಯೆಲ್ಲ ನನ್ನ ತಲೆಯ ಮೇಲೆ. ಹೆಸರು ಚಂದ್ರಕಲಾ. ಇಪ್ಪತ್ತೆರಡು ವರ್ಷದಿಂದ ಬೇರೆಯವರು ಹೇಳಿದ್ದನ್ನು ಬರೆದು ಬರೆದು ಸಾಕಾಗಿದೆ. ಇದೊಂದನ್ನು ಮಾತ್ರ ಯಾರೂ ಹೇಳದೆ ಬರೆಯುತ್ತಿದ್ದೇನೆ. ಹೆಡ್ ಕಾನ್‌ಸ್ಟೆಬಲ್ ಭೀಮಶ್ಯಾನ ಬಗ್ಗೆ ಇಲಾಖೆಯವರಂತೂ ಬರೆಯುವುದಿಲ್ಲ, ಬರೆದರೂ ಅದು ಮೆಮೋ ಆಗಿರುತ್ತದೆ.

ಭೀಮಶ್ಯಾ ಗುಂಡಗುರ್ತಿಯವನು. ಅವನ ತಂದೆ ಶಹಾಬಾದಿನ ಗಣಿಯಲ್ಲಿ ಕಲ್ಲು ಒಡೆದು ಮಗನನ್ನು ಪಿಯುಸಿ ತನಕ ಓದಿಸಿದ. ಮಗ ಪೊಲೀಸ್ ಸೇರಿ ಶಹಾಬಾದ್, ವಾಡಿ, ಚಿತ್ತಾಪುರ ಎಂದು ಸಿಮೆಂಟಿನ ಧೂಳು ಕುಡಿಯುತ್ತ ಕುಡಿಯುತ್ತ ನಮ್ಮಲ್ಲಿಗೆ ಬಂದ. ನನಗಿಂತ ದೊಡ್ಡವನು, ಆದರೆ ಬಹುವಚನ ಹಚ್ಚಿದರೆ ಸಿಟ್ಟಾಗುತ್ತಿದ್ದ. ‘ನಾ ನಿನ್ನ ಅಣ್ಣನೋ, ತಹಶೀಲ್ದಾರನೋ?’ ಅನ್ನುತ್ತಿದ್ದ. ಹನ್ನೊಂದು ವರ್ಷದಿಂದ ಅವನದು ಗುಪ್ತ ಮಾಹಿತಿಯ ಕೆಲಸ. ಮಫ್ತಿಯಲ್ಲಿ ತಿರುಗಿ, ಯಾವ ಊರಲ್ಲಿ ಯಾರು ಏನು ಮಾತಾಡುತ್ತಿದ್ದಾರೆ ಎಂದು ಕೇಳಿಕೊಂಡು ಬಂದು, ಅದನ್ನು ಮೇಲಕ್ಕೆ ಕಳಿಸಬೇಕು. ಗುಪ್ತ ಅನ್ನುವುದು ಕಾಗದದಲ್ಲಿ ಮಾತ್ರ. ಬಸ್ ಸ್ಟ್ಯಾಂಡಿನ ಚಹಾದವನು ಇವನ ಮೊಪೆಡ್ ಕಂಡರೆ ಸಾಕು, ‘ಗುಪ್ತ ಸಾಹೇಬ್ರಿಗೊಂದು ಕಟ್ ಚಾ’ ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗುತ್ತಿದ್ದ. ‘ಮಂದಿಗಿ ಗುರುತು ಸಿಕ್ರೇ ಚಲೋ ತಂಗಿ, ತಾವಾಗೇ ಬಂದು ಹೇಳ್ತಾರ’ ಎಂದು ಭೀಮಶ್ಯಾ ನಗುತ್ತಿದ್ದ.

ಮೂವತ್ತಾರು ವರ್ಷ ಸರ್ವೀಸಾಗಿತ್ತು. ಎ.ಎಸ್.ಐ. ಬಡ್ತಿಯ ಪಟ್ಟಿಯಲ್ಲಿ ಈ ಸಲ ಅವನ ಹೆಸರು ನಾಲ್ಕನೆಯದು. ಎರಡು ತಿಂಗಳಲ್ಲಿ ಭುಜದ ಮೇಲೆ ಒಂದು ಸ್ಟಾರ್ ಬರುವುದಿತ್ತು. ಒಂದೇ ಶರತ್ತು: ಅಲ್ಲಿಯವರೆಗೆ ಅವನ ಮೇಲೆ ಯಾವ ಮೆಮೋ, ಯಾವ ವಿಚಾರಣೆಯೂ ಇರಬಾರದು. ಸ್ಟಾರ್ ಅಂದರೆ ನಗಬೇಡಿ. ಅಪ್ಪನ ವಯಸ್ಸಿನ ಮನುಷ್ಯ ಮೊನ್ನೆ ಮೊನ್ನೆ ಸೇರಿದ ಹುಡುಗರಿಗೆ ಸೆಲ್ಯೂಟ್ ಹೊಡೆಯುವುದನ್ನು ನಾನು ದಿನಾ ನೋಡಿದ್ದೇನೆ. ಅವನ ಹೆಂಡತಿ ಸುಮಂಗಲಾ ಅಂಗನವಾಡಿ ಟೀಚರ್, ಗಟ್ಟಿ ಹೆಂಗಸು. ಪಟ್ಟಿ ಬಂದ ದಿನ ನನ್ನ ಕೈ ಹಿಡಿದು ಅತ್ತಳು.

ಆ ಗೌಪ್ಯ ಕಾಗದ ಬಂದದ್ದು ಮಾರ್ಚಿನಲ್ಲಿ. ಪೂರಾ ಇಂಗ್ಲಿಷ್, ನೆತ್ತಿಯ ಮೇಲೆ ಕೆಂಪು ಮೊಹರು. ನಾನೇ ಓದಿ ಭೀಮಶ್ಯಾನಿಗೆ ಹೇಳಿದೆ. ಗಡಿಯಾಚೆ ಮುಚ್ಚಿಹೋದ ಒಂದು ಸಿಮೆಂಟ್ ಕಾರ್ಖಾನೆಯಿಂದ ಒಂದು ಯಂತ್ರದ ಭಾಗ ಕಾಣೆಯಾಗಿದೆ. ಹಳದಿ ಬಣ್ಣದ ಸೀಸದ ಗಡಿಗೆಯಂಥದ್ದು. ಅದರೊಳಗೆ ಕಡಲೆ ಕಾಳಿನಷ್ಟು ವಿಕಿರಣದ ವಸ್ತು. ಭಯೋತ್ಪಾದಕರ ಕೈಗೆ ಸಿಕ್ಕರೆ ಬಾಂಬಿಗೆ ಕಟ್ಟಿ ಒಂದು ಪಟ್ಟಣವನ್ನೇ ಕೆಡಿಸಬಹುದು. ತಿಳಿಯದವರು ಯಾರಾದರೂ ಬಿಚ್ಚಿದರೆ ಕಣ್ಣಿಗೆ ಕಾಣದ ಬೆಂಕಿ ಮನೆಮಂದಿಯನ್ನೆಲ್ಲ ಸುಡುತ್ತದೆ. ಎರಡನೆಯ ಹಾಳೆಯಲ್ಲೂ ಅದೇ ಕೆಂಪು ಮೊಹರು, ಕೆಳಗೆ ಆ ಗಡಿಗೆಯ ಚಿತ್ರ, ಗಡಿಗೆಯ ಮೇಲೆ ಫ್ಯಾನಿನಂಥ ಮೂರು ರೆಕ್ಕೆಯ ಗುರುತು. ಗುಟ್ಟಾಗಿ ವಿಚಾರಿಸಿ ದಿನಾ ಮಧ್ಯಾಹ್ನ ಮೂರು ಗಂಟೆಯೊಳಗೆ ವರದಿ ಕಳಿಸಬೇಕು. ಕಾಗದವನ್ನಾಗಲಿ ಚಿತ್ರವನ್ನಾಗಲಿ ಸಾರ್ವಜನಿಕರಿಗೆ ತೋರಿಸತಕ್ಕದ್ದಲ್ಲ.

ನಾನು ಮೊಹರುಗಳ ತಾರೀಖು ನೋಡಿದೆ. ಆ ಕಾರ್ಖಾನೆಯಿಂದ ನಮ್ಮ ಠಾಣೆಗೆ ಭೀಮಶ್ಯಾನ ಮೊಪೆಡ್ಡಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಕಾಗದ ಮಾತ್ರ ಹೈದರಾಬಾದಿಗೆ ಹೋಗಿ, ದಿಲ್ಲಿಗೆ ಹೋಗಿ, ಬೆಂಗಳೂರಿಗೆ ಇಳಿದು, ಕಲಬುರಗಿಯಲ್ಲಿ ಮಲಗಿ ಎದ್ದು, ನಲವತ್ತೊಂದು ದಿನಕ್ಕೆ ನನ್ನ ಮೇಜಿಗೆ ಬಂದಿತ್ತು. ಆ ಗುಟ್ಟನ್ನು ಒಬ್ಬರಿಗೊಬ್ಬರು ಹಂಚಿಕೊಂಡವರೆಲ್ಲ ಆ ಗಡಿಗೆಯನ್ನು ಜನ್ಮದಲ್ಲಿ ಮುಟ್ಟದವರು. ಮುಟ್ಟುವವರಿಗೆ ಮಾತ್ರ ಹೇಳಬಾರದಂತೆ! ನನಗೆ ಮೈ ಉರಿಯಿತು. ಭೀಮಶ್ಯಾ ಮೊಪೆಡ್ ಹತ್ತಿದ.

ಒಂಬತ್ತು ದಿನ ತಿರುಗಿದ. ಕುಂಚಾವರಂ ಕಾಡಿನ ತಾಂಡಾಗಳು, ಸೇಡಂನ ಗುಜರಿ ಅಂಗಡಿಗಳು, ಹಳೇ ಕಬ್ಬಿಣ ಕೊಳ್ಳುವ ತಳ್ಳುಗಾಡಿಗಳು, ಒಂದನ್ನೂ ಬಿಡಲಿಲ್ಲ. ‘ಹೊಸಾದೇನರ ಸಾಮಾನ ಬಂದದೇನು?’ ಎಂದು ಕೇಳಬೇಕು, ಏನು ಸಾಮಾನು ಅಂತ ಹೇಳಬಾರದು. ಗುಜರಿಯವನ ಮುಂದೆ ಪೊಲೀಸ್ ನಿಂತು ಹಾಗೆ ಕೇಳಿದರೆ ಅವನು ಹೂಂ ಅನ್ನುತ್ತಾನೆಯೇ? ಕಳವಿನ ಮಾಲು ಹುಡುಕಲು ಬಂದಿದ್ದಾರೆ ಎಂದು ಎಲ್ಲರೂ ತಲೆ ಅಲ್ಲಾಡಿಸಿದರು. ದಿನಾ ಮೂರು ಗಂಟೆಗೆ ನಾನು ‘ನಿಲ್’, ಅಂದರೆ ಏನೂ ಇಲ್ಲ, ಎಂದು ಬರೆದು ಕಳಿಸಿದೆ. ಒಂಬತ್ತು ದಿನ, ಒಂಬತ್ತು ನಿಲ್. ಮೇಲಿನವರಿಗೆ ಅದೇ ಬೇಕಾಗಿತ್ತು, ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಸಾಕು.

ಹತ್ತನೆಯ ದಿನ ಬೆಳಿಗ್ಗೆ ಭೀಮಶ್ಯಾ ನನ್ನ ಮೇಜಿನ ಮುಂದೆ ಕುಳಿತ. ಕಣ್ಣು ಕೆಂಪಾಗಿದ್ದವು, ಮೊಣಕಾಲು ಒತ್ತಿಕೊಳ್ಳುತ್ತಿದ್ದ.

‘ತಂಗಿ, ಆ ಎರಡನೇ ಹಾಳಿ ಕೊಡು.’

‘ಯಾಕ?’

‘ತೋರಿಸ್ತೀನಿ. ಕುರುಡ್ರಂಗ ಕೇಳಿ ಕೇಳಿ ಸಾಕಾತು. ಚಿತ್ರ ನೋಡಿದ್ರ ಹಿಡಿದವ್ನು ಗುರುತು ಹಿಡೀತಾನ.’

‘ಭೀಮಣ್ಣ, ತಲಿ ಕೆಟ್ಟದೇನು? ಎರಡು ತಿಂಗಳದಾಗ ಸ್ಟಾರ್ ಅದ. ಯಾರರ ಬಾಯಿ ಬಿಟ್ರ ಏನಾಗ್ತದ ಗೊತ್ತದಿಲ್ಲೋ? ಊರಿಗೆ ಉಪಕಾರ ಮಾಡಬಾರದು, ಹೆಣಕ್ಕ ಶೃಂಗಾರ ಮಾಡಬಾರದು.’

‘ಗೊತ್ತದ’ ಎಂದ. ‘ಯಾರರ ಅದನ್ನ ಮನಿಯಾಗ ಇಟ್ಕೊಂಡು ಮಕ್ಕೊಂಡಾರ, ತಂಗಿ. ನನಗ ಊಟ ಸೇರವಲ್ದು.’

ಕಡತ ನನ್ನ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲೆ ತೆರೆದಿಟ್ಟು ನಾನು ಕಿಟಕಿಯ ಕಡೆ ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಅವನು ಆ ಹಾಳೆಯನ್ನು ರೊಟ್ಟಿಯ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಿದ್ದ. ಹಾಗಾಗಿ ಇದರಲ್ಲಿ ನನ್ನದೂ ಪಾಲಿದೆ. ಇದನ್ನು ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಅವನು ಮೌಲಾಲಿಯ ಮನೆ ಮುಂದೆ ನಿಂತಿದ್ದ. ಮೌಲಾಲಿ ಹಳ್ಳಿಯ ಮೇಲೆ ತಿರುಗಿ ಹಳೇ ಸಾಮಾನು ಕೊಳ್ಳುವವನು. ಹಿಂದೆ ಎರಡು ಸಲ ಕೇಳಿದಾಗಲೂ ‘ಏನಿಲ್ರಿ ಸಾಬ್’ ಎಂದಿದ್ದ. ಚಿತ್ರ ನೋಡಿದ ಕೂಡಲೇ ಅವನ ಮುಖ ಬಿಳಿಚಿತು.

‘ಇದು ಪಂಖಾ ಕಂಪನೀದಲ್ರಿ? ಮ್ಯಾಲ ಪಂಖಾದ ಗುರುತದ.’

‘ಎಲ್ಲದ ಮೌಲಾಲಿ?’

‘ಒಳಗದ್ರಿ. ಮಗಳ ಹೊರಸಿನ ಬುಡಕ.’

ಸೀಸ ಒಡೆದು ಕರಗಿಸಿ ಚಿಂಚೋಳಿ ಡ್ಯಾಮಿನ ಮೀನುಗಾರರಿಗೆ ಬಲೆಯ ಗುಂಡು ಮಾಡಲು ಕೊಡಬೇಕೆಂದು ಅದನ್ನು ಕೊಂಡಿದ್ದನಂತೆ. ಒಂದು ಕಡೆ ಇದ್ದ ತೂತಿನ ಮುಚ್ಚಳ ಸರಿಸಿ, ಒಳಗೇನಿದೆ ಎಂದು ಎರಡು ಬೆರಳು ತುರುಕಿ ನೋಡಿದ್ದ. ಏನೂ ಸಿಗದೆ ಮುಚ್ಚಳ ಮುಚ್ಚಿ, ಸಾಣೆ ಹಿಡಿಸಲು ಕೊಟ್ಟ ಗರಗಸ ಬರಲಿ ಎಂದು ಇಟ್ಟಿದ್ದ. ವಾರದಿಂದ ಆ ಬೆರಳುಗಳಲ್ಲಿ ಗುಳ್ಳೆ ಎದ್ದಿದ್ದವು. ಗರಗಸ ಅಂದೇ ಸಂಜೆ ಬರುವುದಿತ್ತು. ಆ ಮಂಚದ ಮೇಲೆ ಮಲಗುತ್ತಿದ್ದ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು, ಎಂಟು ತಿಂಗಳು ತುಂಬಿತ್ತು.

ಭೀಮಶ್ಯಾ ಕೂಗಾಡಲಿಲ್ಲ. ವಿಕಿರಣ, ಬಾಂಬು ಎಂದಿದ್ದರೆ ಅರ್ಧ ಓಣಿ ಓಡುತ್ತಿತ್ತು, ಅರ್ಧ ಓಣಿ ನೋಡಲು ಒಳಗೆ ನುಗ್ಗುತ್ತಿತ್ತು. ‘ಹೆಜ್ಜೇನು ಎದ್ದಾವ, ಸಾಲಿ ಕಡಿ ಓಡ್ರಿ!’ ಎಂದು ಒದರಿದ. ಹೆಜ್ಜೇನು ಅಂದರೆ ನಮ್ಮ ಕಡೆ ಯಾರೂ ನಿಂತು ಪ್ರಶ್ನೆ ಕೇಳುವುದಿಲ್ಲ. ಬಸುರಿಯ ತಲೆಗೆ ಕಂಬಳಿ ಹೊದಿಸಿ ತಾನೇ ಕೈ ಹಿಡಿದು ಹೊರಗೆ ಕರೆತಂದ. ಆಮೇಲೆ ದೂರದಿಂದ ಬಾಗಿಲು ಕಾಯುತ್ತ ನನಗೆ ಫೋನ್ ಮಾಡಿದ. ‘ತಂಗಿ, ಇವತ್ತ ನಿಲ್ ಬರೀಬ್ಯಾಡ’ ಎಂದ.

ಎರಡು ದಿನದ ಮೇಲೆ ಬಿಳಿ ಅಂಗಿಯ, ಮುಖ ಮುಚ್ಚಿದ ಜನ ಬಂದು ಆ ಗಡಿಗೆಯನ್ನು ದಪ್ಪ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಗರಗಸ ತಾಗಿದ್ದರೆ ಆ ಮನೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ ಎಂದರು. ಮೌಲಾಲಿಯ ಎರಡು ಬೆರಳ ತುದಿಯನ್ನು ಡಾಕ್ಟರು ಕತ್ತರಿಸಿದರು. ಮಗಳಿಗೆ ತಿಂಗಳೊಳಗೆ ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಕ್ಷೇಮ. ಭೀಮಶ್ಯಾ ತನ್ನ ವರದಿಯಲ್ಲಿ ‘ಬಾತ್ಮೀದಾರರಿಂದ ತಿಳಿದು ಬಂದ ಮೇರೆಗೆ’ ಎಂದಷ್ಟೇ ಬರೆಸಿದ. ಚಿತ್ರದ ಮಾತು ಎತ್ತಲಿಲ್ಲ, ಹಾಳೆ ಕಡತಕ್ಕೆ ವಾಪಸ್ ಬಂತು. ಮೇಲಿನಿಂದ ಒಂದು ಕಾಗದ ಬಂತು: ಸಂಸ್ಥೆಗಳ ನಡುವಿನ ಸಕಾಲಿಕ ಮಾಹಿತಿ ವಿನಿಮಯದಿಂದ ದೊಡ್ಡ ಅಪಾಯ ತಪ್ಪಿದೆ. ಸಕಾಲಿಕ! ಅದನ್ನು ಕಡತಕ್ಕೆ ಹಚ್ಚುವಾಗ ದಬ್ಬಣವನ್ನು ಬೇಕಂತಲೇ ಆ ಪದದ ಮೇಲೆ ಚುಚ್ಚಿದೆ.

ಬಡ್ತಿಗೆ ಹನ್ನೆರಡು ದಿನ ಇರುವಾಗ ಡಿವೈಎಸ್‌ಪಿ ಸಾಹೇಬರು ಬಂದರು. ಕೆಟ್ಟದ್ದಕ್ಕಲ್ಲ. ಭೀಮಶ್ಯಾನಿಗೆ ಪ್ರಶಂಸಾ ಪತ್ರಕ್ಕೆ ಶಿಫಾರಸು ಮಾಡಬೇಕು, ಅದಕ್ಕೆ ಮೌಲಾಲಿಯದೊಂದು ಹೇಳಿಕೆ ಬೇಕು. ಮೌಲಾಲಿ ಒಂಬತ್ತಕ್ಕೇ ಬಂದು ಕುಳಿತಿದ್ದ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಬಲಗೈಗೆ ಪಟ್ಟಿ. ನಾನು ಕಡತದಲ್ಲಿ ತಲೆ ಹುಗಿದಿದ್ದೆ. ಅವನು ಹತ್ತಿರ ಬಂದು ಮೆಲ್ಲಗೆ ಕೇಳಿದ:

‘ಮೇಡಂ, ದೊಡ್ಡ ಸಾಹೇಬ್ರ ಮುಂದ ಏನು ಹೇಳ್ಬೇಕ್ರಿ?’

ನಾನು ತಲೆ ಎತ್ತಲಿಲ್ಲ. ‘ಇದ್ದದ್ದು ಇದ್ದಂಗ ಹೇಳ್ರಿ. ಏನೂ ಮುಚ್ಚಬ್ಯಾಡ್ರಿ’ ಎಂದೆ.

ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಸಾವಿರ ಸಾಕ್ಷಿಗಳಿಗೆ ಹೇಳಿದ ಮಾತು. ಬಾಯಿ ತಾನಾಗಿ ಹೇಳಿತು. ಏನು ಹೇಳಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಒಳಗಿನಿಂದ ಕರೆ ಬಂದಿತ್ತು.

ಸಾಹೇಬರು ಕೇಳಿದರು, ಮೌಲಾಲಿ ಹೇಳಿದ, ನಾನು ಬರೆದುಕೊಂಡೆ. ಭೀಮಶ್ಯಾ ಬಾಗಿಲಲ್ಲಿ ನಿಂತಿದ್ದ, ಅಂದು ಯೂನಿಫಾರ್ಮ್ ಹಾಕಿದ್ದ. ಮೊದಲು ಎಲ್ಲ ಸರಿಯಾಗಿತ್ತು. ಎಲ್ಲಿ ಕೊಂಡೆ, ಎಲ್ಲಿ ಇಟ್ಟೆ. ಆಮೇಲೆ ಸಾಹೇಬರು, ‘ಅದು ಅಪಾಯದ ವಸ್ತು ಅಂತ ಹೇಗೆ ಗೊತ್ತಾಯ್ತು?’ ಎಂದರು.

ಮೌಲಾಲಿಯ ಮುಖ ಅರಳಿತು. ಇದನ್ನು ಹೇಳಲೆಂದೇ ಅವನು ಜುಬ್ಬಾ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ.

‘ಅದೇ ಹೇಳ್ಲಿಕತ್ತೀನ್ರಿ ಸಾಬ್. ಪೊಲೀಸ್ರು ನಮ್ಮಂಥೋರಿಗಿ ಯಾವಾಗ್ಲೂ ಲಾಠಿ ತೋರಿಸ್ತಾರ. ಈ ಭೀಮಶಾ ಸಾಬ್ ಒಬ್ಬರೇ ನೋಡ್ರಿ, ನನಗ ಕಾಗದ ತೋರಿಸಿದ್ರು. ಖುಲ್ಲಾ ತೋರಿಸಿದ್ರು. ಅದ್ರಾಗ ಫೋಟೋ ಇತ್ತು.’

ನಾನು ಪೆನ್ನು ನಿಲ್ಲಿಸಿ ಜೋರಾಗಿ ಕೆಮ್ಮಿದೆ. ಮೇಜಿನ ಕೆಳಗೆ ಅವನ ಕಾಲು ತುಳಿಯೋಣವೆಂದರೆ ನಿಲುಕಲಿಲ್ಲ.

‘ಯಾವ ಕಾಗದ?’ ಎಂದರು ಸಾಹೇಬರು.

‘ಇಂಗ್ರೇಜಿ ಕಾಗದ್ರಿ. ನಂಗ ಓದ್ಲಿಕ್ಕ ಬರಂಗಿಲ್ಲ. ಮ್ಯಾಲ ಲಾಲ್ ಮೊಹರ ಇತ್ತು, ಸರಕಾರದ್ದು. ಕಸಮ್‌ರಿ, ಸುಳ್ಳು ಹೇಳಂಗಿಲ್ಲ. ಆ ಕಾಗದ ನೋಡಿರಲಿಲ್ಲಂದ್ರ ಆ ಸಂಜೀಕೇ ನಾ ಗರಗಸ ಹಚ್ತಿದ್ದೆ. ನನ್ನ ಮಗಳು, ಮೊಮ್ಮಗಳು ಈ ಮನುಷ್ಯಾನಿಂದ ಉಳದಾರ. ಇದು ಬರ್ಕೋರಿ, ದಿಲ್ಲೀಗಿ ಕಳಸ್ರಿ.’

ಸಾಹೇಬರು ಭೀಮಶ್ಯಾನ ಕಡೆ ನೋಡಿದರು. ಅವರೂ ಕೆಟ್ಟವರಲ್ಲ, ಅವರ ಮೇಲೂ ಇನ್ನೊಬ್ಬರಿದ್ದಾರೆ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ‘ಬರ್ಕೊಳ್ಳಿ ಮೇಡಂ. ಹೇಳಿದ್ದನ್ನು ಹೇಳಿದ ಹಾಗೆ ಬರ್ಕೊಳ್ಳಿ’ ಎಂದರು. ನಾನು ಬರೆದೆ. ಕಡತ ತೆರೆದಿಟ್ಟವಳು ನಾನು ಎಂದು ಬಾಯಿ ತುದಿಗೆ ಬಂದಿತ್ತು. ಭೀಮಶ್ಯಾ ಬಾಗಿಲಿನಿಂದ ನನ್ನನ್ನೇ ನೋಡಿ ಬೇಡ ಎಂದು ಸಣ್ಣಗೆ ತಲೆ ಅಲ್ಲಾಡಿಸಿದ. ನಾನು ನುಂಗಿಕೊಂಡೆ. ಅದಕ್ಕಾಗಿ ನನ್ನ ಮೇಲೆ ನನಗೇ ಹೇಸಿಗೆಯಿದೆ.

ಸಂಜೆಯೊಳಗೆ ಗೌಪ್ಯತೆ ಉಲ್ಲಂಘನೆಯ ಮೆಮೋ ಟೈಪ್ ಮಾಡಬೇಕು, ಬಡ್ತಿಯ ಪಟ್ಟಿಯಿಂದ ನಾಲ್ಕನೆಯ ಹೆಸರು ತೆಗೆಯಲು ಪತ್ರ ಹೋಗಬೇಕು ಎಂದು ಸಾಹೇಬರು ನನಗೆ ಹೇಳಿ ಜೀಪು ಹತ್ತಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದಿನ ಪಟ್ಟಿ ಬರುವಷ್ಟರಲ್ಲಿ ಅವನು ನಿವೃತ್ತನಾಗಿರುತ್ತಾನೆ. ನಾನು ಹೊರಗೆ ಬಂದಾಗ ಭೀಮಶ್ಯಾ ಕಟ್ಟೆಯ ಮೇಲೆ ಕುಳಿತು ಬೂಟು ಬಿಚ್ಚುತ್ತಿದ್ದ. ಮೌಲಾಲಿ ಅವನ ಮುಂದೆ ಖುಷಿಯಿಂದ ನಿಂತಿದ್ದ.

‘ಭೀಮಶಾ ಸಾಬ್, ಒಂದೂ ಬಿಡದಂಗ ಹೇಳೀನ್ರಿ. ಬರೋಬರ್ ಆತಿಲ್ರಿ?’

ಭೀಮಶ್ಯಾ ತಲೆ ಎತ್ತಿ ಅವನನ್ನು ನೋಡಿದ. ಆಮೇಲೆ ಪಟ್ಟಿ ಕಟ್ಟಿದ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

‘ಭಾಳ ಚಲೋ ಹೇಳ್ದಿ, ಮೌಲಾಲಿ’ ಎಂದ. ‘ಇನ್ನ ಮನಿಗಿ ನಡಿ. ಮೊಮ್ಮಗಳು ದಾರಿ ನೋಡ್ತಿರ್ತಾಳ.’