ಹೊತ್ತೇರಿದ ಮೇಲೆ ಒಲ್ಲೆ

ಜೈನಾಪುರದ ಗುರುಬಸವ್ವ ಮಳೆಗಾಲದಲ್ಲಿ ಕಳೆ ಕೀಳುತ್ತಿದ್ದಳು, ಚಳಿಗಾಲದಲ್ಲಿ ಜೋಳ ಕೊಯ್ಯುತ್ತಿದ್ದಳು. ಬೇಸಿಗೆ ಬಂತೆಂದರೆ ಮದುವೆ ಮನೆಗಳಿಗೆ ಶಾವಿಗೆ ಹೊಸೆಯಲು ಬಬಲೇಶ್ವರಕ್ಕೆ ನಡೆಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳ ವರ್ಷದಲ್ಲಿ ಬಿಡುವಿನ ತಿಂಗಳೆಂಬುದೇ ಇರಲಿಲ್ಲ.

ನಲವತ್ತಾರನೇ ಇಸವಿಯ ಬೇಸಿಗೆಯಲ್ಲಿ, ಬಬಲೇಶ್ವರದ ನೀಲಾಬಾಯಿಯ ಮನೆಯಲ್ಲಿ, ನಡುಮಧ್ಯಾಹ್ನ ಹಿಟ್ಟು ನಾದುತ್ತಲೇ ಅವಳು ಕಣ್ಣು ಕತ್ತಲೆಗಟ್ಟಿ ಬಿದ್ದಳು. ಪಕ್ಕದ ಮನೆಯ ಮಾಶಾಬಿ ಓಡಿಬಂದು ನೆತ್ತಿಗೆ ನೀರು ತಟ್ಟಿದಳು.

"ಬ್ಯಾಸಗ್ಯಾಗ ಎಮ್ಮೀನೂ ನೆಳ್ಳ ಹಿಡದ ಮಲಗತೈತಿ. ನೀ ಎಮ್ಮಿಗಿಂತಾ ಕಡೀ ಆದೇನ ಬೇ?" ಎಂದು ಬೈದಳು.

ಗುರುಬಸವ್ವನಿಗೆ ನಗು ಬರಲಿಲ್ಲ, ಅಳುವಷ್ಟು ಕಸುವೂ ಇರಲಿಲ್ಲ. ಮರುದಿನ ನೀಲಾಬಾಯಿಗೆ ಹೇಳಿದಳು: "ನಸಿಕಿನ್ಯಾಗ ಬರ್ತೇನ್ರಿ. ಹೊತ್ತೇರಿದ ಮ್ಯಾಲ ಒಲ್ಲೆ."

"ಲಗ್ನ ನಿನ್ನ ಸಲುವಾಗಿ ನಿಲ್ತೈತೇನ? ಬ್ಯಾರೇದವರನ್ನ ಕರೀತೇನಿ ತಗೋ," ಎಂದಳು ನೀಲಾಬಾಯಿ. ಕರೆದಳು ಕೂಡ.

ಆ ಬೇಸಿಗೆ ಗುರುಬಸವ್ವನಿಗೆ ಎರಡೇ ಮನೆಗಳ ಕೆಲಸ ಉಳಿಯಿತು. ಬೆಳಗಿನ ತಂಪಿನಲ್ಲಿ ಹೊಸೆದು, ಮನೆಗೆ ಮರಳಿ ಮಜ್ಜಿಗೆ ಕುಡಿದು, ಬೇವಿನ ನೆರಳಲ್ಲಿ ಒರಗುತ್ತಿದ್ದಳು. ಹಗಲು ಮಲಗಲು ಮೊದಮೊದಲು ನಾಚಿಕೆಯಾಯಿತು. ಯಾರಾದರೂ ಬಂದರೆ ಎದ್ದು ಕೂತು ಕಾಳು ಹಸನು ಮಾಡುವವಳಂತೆ ನಟಿಸುತ್ತಿದ್ದಳು. ಆಮೇಲಾಮೇಲೆ ಅದಕ್ಕೂ ಬೇಸರವಾಗಿ ಸುಮ್ಮನೆ ಮಲಗಿಯೇ ಇರುತ್ತಿದ್ದಳು.

ವರ್ಷಗಳ ದಣಿವು ಒಂದು ಬೇಸಿಗೆಗೆ ಕರಗುವಂಥದ್ದಲ್ಲ. ಆದರೂ ಮೃಗಶಿರ ಮಳೆ ಬಿದ್ದು ಸಜ್ಜೆಯ ಬಿತ್ತನೆಗೆ ಆಳುಗಳನ್ನು ಕರೆದಾಗ, ಅವಳು ಯಾರ ಕೈಯಾಸರೆಯೂ ಇಲ್ಲದೆ ಎದ್ದಳು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಬದುವಿನ ಮೇಲೆ ಒಂದಿಷ್ಟು ಕೂತು ಸುಧಾರಿಸಿಕೊಂಡು, ಕೂರಿಗೆಯ ಹಿಂದೆ ನಿಧಾನವಾಗಿ ನಡೆದಳು.