ಕಲ್ಲಿಗೆ ಕಿವಿಯಿಟ್ಟು

ನಮ್ಮಪ್ಪ ಸೋಸಲೆ ಕಡೆಯ ಹಳೇ ಕಲ್ಲಿನ ಅಣೆಕಟ್ಟೆಯಲ್ಲಿ ನೀರುಗಂಟಿಯಾಗಿದ್ದರು. ನಾಲೆಗೆ ನೀರು ಬಿಡುವುದು, ನಿಲ್ಲಿಸುವುದು ಅವರ ಕೆಲಸ. ಚಿಕ್ಕವಳಿದ್ದಾಗ ನಾನು ಮುದ್ದೆ, ಉಪ್ಸಾರು ತೆಗೆದುಕೊಂಡು ಹೋದರೆ ಅವರು ಕಟ್ಟೆಯ ಬುಡದಲ್ಲಿ ಕಲ್ಲಿಗೆ ಕಿವಿಯಿಟ್ಟು ಕೂತಿರುತ್ತಿದ್ದರು. ಎಲ್ಲಿ ಸೋರುತ್ತಿದೆಯೆಂದು ಸದ್ದಿನಲ್ಲೇ ಹಿಡಿದು, ಆ ಸಂದಿಗೆ ಹುಲ್ಲು, ಜೇಡಿಮಣ್ಣು ತುರುಕುತ್ತಿದ್ದರು. ವಾರದೊಳಗೆ ಮತ್ತೆ ಸೋರುತ್ತಿತ್ತು.

"ಬಾ ಮಗಾ, ನೀನೂ ಕೇಳು. ಒಳಗೆ ಯಾರೋ ಪಿಸುಗುಟ್ಟಿದಂಗೆ ಇಲ್ವಾ? ಇದು ಸೋರೋದೊಂದು ನಿಂತೋದ್ರೆ ಸಾಕು ಕಣವ್ವಾ, ಇನ್ನೇನೂ ಬ್ಯಾಡ ನಂಗೆ" ಎನ್ನುತ್ತಿದ್ದರು. ಅದು ನಿಲ್ಲುವ ಮೊದಲೇ ಅವರು ತೀರಿಕೊಂಡರು.

ಈ ಬೇಸಿಗೆಯಲ್ಲಿ ನಾಲೆ ನಿಲ್ಲಿಸಿ ಕಟ್ಟೆ ರಿಪೇರಿ ಮಾಡಿದರು. ಹಳೇ ಕಲ್ಲು ಒಂದನ್ನೂ ಕೀಳದೆ ಸಂದಿಗಳಿಗೆಲ್ಲ ಗಾರೆ ತುಂಬಿದರು. ಕಟ್ಟೆಗೆ ಮತ್ತೆ ನೀರು ತುಂಬಿದ ಮಾರನೆಯ ದಿನ ನರಸೀಪುರದ ಬಸ್ಸಿಳಿದು ನೆಟ್ಟಗೆ ಅಲ್ಲಿಗೇ ಹೋದೆ. ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತು ಕಿವಿಯಿಟ್ಟೆ. ಕಲ್ಲು ತಣ್ಣಗಿತ್ತು, ಸದ್ದಿರಲಿಲ್ಲ.

ಮೇಲಿಂದ ಗಾರೆ ಕೆಲಸದವನು ನಕ್ಕ. "ಏನಕ್ಕಾ, ಡಾಕ್ಟ್ರು ಎದೆ ನೋಡ್ದಂಗೆ ನೋಡ್ತಿದ್ದೀಯಾ? ಸೋರ್ತದಾ?"

"ಒಂದು ತೊಟ್ಟೂ ಇಲ್ಲ ಕಣಪ್ಪಾ. ಚೆನ್ನಾಗಿ ಮಾಡಿದ್ದೀರಿ."

ಅಪ್ಪನಿಗೆ ಬೇಕಾಗಿದ್ದುದು ಇದೇ. ಆದರೂ ಆ ಪಿಸುಮಾತು ಒಮ್ಮೆ ಕೇಳೀತೇನೋ ಎಂದು ಇನ್ನೂ ಸ್ವಲ್ಪ ಹೊತ್ತು ಕಿವಿ ತೆಗೆಯದೆ ಕೂತಿದ್ದೆ.